ಎಂಜಿನ್ ಸದ್ದು, ಡ್ಯಾಶ್‌ಬೋರ್ಡ್ ದೀಪ: ಕೈಯಲ್ಲಿ ಕಾಸು ಕಮ್ಮಿ ಇರುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಕ್ಯಾನಿಕ್ ಅಲ್ಲ. ಹಾಸನದಲ್ಲಿದ್ದೇನೆ, 2014ರ ಸೆಕೆಂಡ್ ಹ್ಯಾಂಡ್ ವ್ಯಾಗನ್‌ಆರ್ ಇಟ್ಟುಕೊಂಡಿದ್ದೇನೆ. ಅದು ಕಲಿಸಿದ್ದೇ ನನ್ನ ವಿದ್ಯೆ. ನೆಂಟರು, ಗೆಳೆಯರು, ಪಕ್ಕದ ಮನೆಯವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅವನ್ನೇ ಇಲ್ಲಿ ಬರೆದಿದ್ದೇನೆ. ಆಲ್ಟೊ, ವ್ಯಾಗನ್‌ಆರ್, ಸ್ಯಾಂಟ್ರೊ, ಐ10 ಥರದ ಎಂಟು ಹತ್ತು ವರ್ಷ ದಾಟಿದ ಪೆಟ್ರೋಲ್ ಗಾಡಿಗಳನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದು. ಡೀಸೆಲ್‌ನವರಿಗೆ ಅರ್ಧ ಉಪಯೋಗ ಆದೀತು.

ದೀಪ ಹತ್ತಿಕೊಂಡಿದೆ. ಗಾಡಿ ನಿಲ್ಲಿಸಬೇಕಾ, ಮನೆವರೆಗೆ ಓಡಿಸಬಹುದಾ?

ಮೊದಲು ಬಣ್ಣ ನೋಡಿ. ಕೆಂಪು ಅಂದರೆ ನಿಲ್ಲಿ, ಹಳದಿ ಅಂದರೆ ಬೇಗ ನೋಡಿಸಿ. ಆದರೆ ಎಲ್ಲಾ ಕೆಂಪೂ ಒಂದೇ ಅಲ್ಲ.

ಎಣ್ಣೆ ಗಿಂಡಿಯ ಚಿತ್ರ ಇರುವ ಕೆಂಪು ದೀಪ ಬಂದರೆ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. "ಗ್ಯಾರೇಜ್ ಇಲ್ಲೇ ಎರಡು ಕಿಲೋಮೀಟರ್" ಅನ್ನುವ ಆಸೆ ಬೇಡ. ಒಳಗೆ ಕ್ರ್ಯಾಂಕ್, ಅಂದರೆ ಎಂಜಿನ್ನಿನ ಮುಖ್ಯ ದಂಡ, ತಿರುಗುವುದು ಬೇರಿಂಗ್ ಮೇಲಲ್ಲ, ಬೇರಿಂಗ್‌ಗೂ ಅದಕ್ಕೂ ನಡುವೆ ಇರುವ ತೆಳು ಆಯಿಲ್ ಪದರದ ಮೇಲೆ. ಈ ದೀಪದ ಅರ್ಥ ಆಯಿಲ್ ಪ್ರೆಶರ್ ಇಳಿದಿದೆ ಅಂತ, ಪ್ರೆಶರ್ ಹೋದರೆ ಆ ಪದರ ಇಲ್ಲ. ಲೋಹಕ್ಕೆ ಲೋಹ ಉಜ್ಜಿ ಕೆಲವೇ ನಿಮಿಷದಲ್ಲಿ ಎಂಜಿನ್ ಸೀಜ್ ಆಗಬಹುದು. ಟೋ ಮಾಡಿಸುವ ಖರ್ಚು ಎಷ್ಟೇ ಆಗಲಿ, ಎಂಜಿನ್ ಬಿಚ್ಚಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಟೆಂಪರೇಚರ್ ದೀಪ ಕೆಂಪಾದರೂ ನಿಲ್ಲಿಸಲೇಬೇಕು. ನಿಲ್ಲಿಸಲು ಜಾಗ ಸಿಗುವ ತನಕ ಎಸಿ ಆಫ್ ಮಾಡಿ, ಹೀಟರ್ ಫುಲ್ ಇಡಿ, ಕಿಟಕಿ ಇಳಿಸಿ. ಬೆವರು ಸುರಿಯುತ್ತೆ, ಆದರೆ ಎಂಜಿನ್ ಬಿಸಿ ಸ್ವಲ್ಪ ಒಳಗೆ ಬರುತ್ತೆ. ರೇಡಿಯೇಟರ್ ಮುಚ್ಚಳವನ್ನು ಬಿಸಿ ಇರುವಾಗ ತೆಗೆಯಬೇಡಿ. ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಬ್ಯಾಟರಿ ದೀಪ ಕೆಂಪಿದ್ದರೂ ಒಂದಿಷ್ಟು ಟೈಮ್ ಕೊಡುತ್ತೆ. ಅದರ ಅರ್ಥ ಚಾರ್ಜ್ ಆಗುತ್ತಿಲ್ಲ ಅಂತ. ಎಸಿ, ಹಾಡು ಎಲ್ಲ ಆಫ್ ಮಾಡಿ, ಎಂಜಿನ್ ಮಾತ್ರ ಆಫ್ ಮಾಡದೆ ಹತ್ತಿರದ ಊರು ಸೇರಿ. ಒಂದು ಎಚ್ಚರಿಕೆ: ಬ್ಯಾಟರಿ ಚಾರ್ಜ್ ಮಾಡುವ ಡೈನಮೋವನ್ನು ತಿರುಗಿಸುವ ಬೆಲ್ಟೇ ತುಂಡಾಗಿದ್ದರೆ ಎಷ್ಟೋ ಗಾಡಿಗಳಲ್ಲಿ ವಾಟರ್ ಪಂಪ್ ಕೂಡ ನಿಂತಿರುತ್ತೆ. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ.

ಬ್ರೇಕ್ ದೀಪವಾದರೆ ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ನಗಬೇಡಿ. ಇಳಿದಿದ್ದರೆ ಬ್ರೇಕ್ ಆಯಿಲ್ ನೋಡಿ. ಅದು ಕಮ್ಮಿ ಇದ್ದರೆ ಪ್ಯಾಡ್ ಸವೆದಿದೆ ಅಥವಾ ಎಲ್ಲೋ ಸೋರುತ್ತಿದೆ. ಸುಮ್ನೆ ಆಯಿಲ್ ತುಂಬಿಸಿ ಮುಂದೆ ಹೋಗಬೇಡಿ.

ಹಳದಿ ಚೆಕ್ ಎಂಜಿನ್ ದೀಪ ಬಂದಿದೆ, ಆದರೆ ಗಾಡಿ ಚೆನ್ನಾಗೇ ಓಡ್ತಿದೆ. ಬಿಟ್ಟುಬಿಡಲಾ?

ಬಿಡಬೇಡಿ, ಗಾಬರಿಯೂ ಬೇಡ. ದೀಪ ಮಿಣುಕುತ್ತಿದ್ದರೆ ಮಾತ್ರ ಬೇರೆ ಲೆಕ್ಕ. ಆಗ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತಿದೆ ಅಂತ ಅರ್ಥ. ಅದು ದುಬಾರಿ ಪಾರ್ಟ್. ಕಾಲು ಸಡಿಲ ಬಿಟ್ಟು ಆದಷ್ಟು ಬೇಗ ನಿಲ್ಲಿಸಿ.

ಮಿಣುಕದೆ ಸುಮ್ಮನೆ ಉರಿಯುತ್ತಿದ್ದರೆ ಕೋಡ್ ಓದಿಸಿ, ಅಂದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ನಂಬರನ್ನು ಸ್ಕ್ಯಾನರ್ ಹಾಕಿ ನೋಡಿಸಿ. ನನ್ನ ಕತೆ ಹೇಳುತ್ತೇನೆ. ಒಂದು ಮಳೆಗಾಲದಲ್ಲಿ ಈ ದೀಪ ಬಂತು. ಒಂದು ಗ್ಯಾರೇಜ್‌ಗೆ ಹೋದೆ. ಸ್ಕ್ಯಾನರ್ ಹಾಕಿ, "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್" ಅಂದರು. ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಆಕ್ಸಿಜನ್ ಅಳೆಯುವ ಪಾರ್ಟ್ ಅದು. 4,200 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಮೂರನೇ ದಿನ ದೀಪ ಮತ್ತೆ ಹಾಜರ್. ಇನ್ನೊಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿ, ಸ್ಕ್ಯಾನರ್ ಮುಟ್ಟದೆ, ಟಾರ್ಚ್ ಹಿಡಿದು ವೈರ್ ಹಾದಿಯನ್ನೇ ನೋಡುತ್ತಾ ಹೋದ. ಇಲಿ ಕಡಿದಿತ್ತು. ಒಂದು ಜಾಯಿಂಟ್, ಒಂದಿಷ್ಟು ಟೇಪ್, 150 ರೂಪಾಯಿ. ಹಳೇ ಸೆನ್ಸರ್ ಸರಿಯಾಗೇ ಇತ್ತು. ಈಗಲೂ ಮನೆಯ ಡಬ್ಬದಲ್ಲಿದೆ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ.

ಹಳೇ ಗಾಡಿಯಲ್ಲಿ ದುಡ್ಡು ಪೋಲಾಗುವುದು ರಿಪೇರಿಗಲ್ಲ, ಊಹೆಗೆ. ಪತ್ತೆ ಮಾಡುವ ಮೊದಲೇ ಪಾರ್ಟ್ ಬದಲಾಯಿಸುವುದು ದೊಡ್ಡ ದಂಡ.

ಸ್ಕ್ಯಾನರ್ ನಾನೇ ಕೊಳ್ಳಬಹುದಾ?

ಖಂಡಿತ. ಸ್ಟೀರಿಂಗ್ ಕೆಳಗೆ ಮೊಣಕಾಲಿನ ಹತ್ತಿರ 16 ಪಿನ್‌ನ ಒಂದು ಸಾಕೆಟ್ ಇರುತ್ತೆ, ಅದೇ ಒಬಿಡಿ ಪೋರ್ಟ್. ನಮ್ಮಲ್ಲಿ 2013ರ ಏಪ್ರಿಲ್ ನಂತರದ ಕಾರುಗಳಿಗೆ ಒಬಿಡಿ 2 ಕಡ್ಡಾಯ. ಅದಕ್ಕಿಂತ ಹಳೆಯದಾದರೆ ಕೆಲವು ಸೇರುತ್ತವೆ, ಕೆಲವು ಸೇರಲ್ಲ. ಇಎಲ್ಎಂ 327 ಅನ್ನುವ ಬ್ಲೂಟೂತ್ ಅಡಾಪ್ಟರ್ ಕೊಂಡು ಫೋನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ಹಾಕಿಕೊಂಡರೆ ಸಾಕು. ನಾನು 800 ರೂಪಾಯಿಗೆ ಕೊಂಡೆ. ತೀರಾ ಅಗ್ಗದ ನಕಲಿಗಳು ಒಮ್ಮೆ ಸೇರಿ ಒಮ್ಮೆ ಸೇರದೆ ಆಟ ಆಡಿಸುತ್ತವೆ, ವಾಪಸ್ ತಗೊಳ್ಳುವ ಕಡೆಯೇ ಕೊಳ್ಳಿ. ಐಫೋನ್ ಇದ್ದರೆ ಅದಕ್ಕೆ ಹೊಂದುತ್ತಾ ಅಂತ ಕೇಳಿ. ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ನಡೆಯುತ್ತೆ. ಕೆಲಸ ಮುಗಿದ ಮೇಲೆ ಕಿತ್ತಿಡಿ, ಚುಚ್ಚಿ ಬಿಟ್ಟರೆ ನಿಂತ ಗಾಡಿಯ ಬ್ಯಾಟರಿ ನಿಧಾನಕ್ಕೆ ತಿನ್ನುತ್ತೆ.

ಈ ಅಡಾಪ್ಟರ್ ಎಂಜಿನ್ ಕೋಡ್ ಓದುತ್ತೆ. ಎಬಿಎಸ್, ಏರ್‌ಬ್ಯಾಗ್ ಕೋಡ್‌ಗಳನ್ನು ಸಾಮಾನ್ಯವಾಗಿ ಓದಲ್ಲ.

ಕೋಡ್ ಬಂತು. ಆ ಪಾರ್ಟ್ ಬದಲಾಯಿಸಿದರೆ ಮುಗೀತಲ್ವಾ?

ಇಲ್ಲಿಯೇ ಎಲ್ಲರೂ ಎಡವುವುದು. ಕೋಡ್ ಹೇಳುವುದು ನೋವು ಎಲ್ಲಿ ಅಂತ, ರೋಗ ಏನು ಅಂತಲ್ಲ.

ನನಗೆ ಬಂದಿದ್ದು ಪಿ 0135. ಅದರ ಅರ್ಥ ಆಕ್ಸಿಜನ್ ಸೆನ್ಸರ್ ಹೀಟರ್‌ನ ಸರ್ಕ್ಯೂಟ್‌ನಲ್ಲಿ ತೊಂದರೆ. ಸರ್ಕ್ಯೂಟ್ ಅಂದರೆ ಫ್ಯೂಸ್, ವೈರ್, ಕನೆಕ್ಟರ್, ಸೆನ್ಸರ್ ನಾಲ್ಕೂ ಸೇರಿ. ಮೊದಲ ಮೂರನ್ನು ಪುಕ್ಕಟೆ ನೋಡಬಹುದಿತ್ತು.

ಪಿ 0301 ಅಂದರೆ ಒಂದನೇ ಸಿಲಿಂಡರ್ ಮಿಸ್ಸಿಂಗ್, 0302 ಎರಡನೆಯದು, ಹೀಗೆ. ಪ್ರತಿ ಪ್ಲಗ್‌ಗೂ ಕಿಡಿಯ ಕರೆಂಟ್ ಕೊಡುವ ಒಂದೊಂದು ಕಾಯಿಲ್ ಇರುವ ಗಾಡಿಯಾದರೆ ಒಂದು ಚಂದದ ಉಪಾಯ ಇದೆ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಒಂದನೇ ಕಾಯಿಲನ್ನು ಎರಡನೆಯದರ ಜಾಗಕ್ಕೂ ಎರಡನೆಯದನ್ನು ಒಂದನೆಯದಕ್ಕೂ ಹಾಕಿ. ಕೋಡ್ ಅಳಿಸಿ, ಓಡಿಸಿ. ಈಗ 0302 ಬಂದರೆ ಕಾಯಿಲ್ಲೇ ಕಳ್ಳ. ಮತ್ತೆ 0301 ಬಂದರೆ ಕಾಯಿಲ್ ಸರಿ ಇದೆ, ಇದೇ ಥರ ಪ್ಲಗ್ ಬದಲಿಸಿ ನೋಡಿ. ಒಂದು ಸ್ಪ್ಯಾನರ್, ಅರ್ಧ ಗಂಟೆ. ಖರ್ಚು ಸೊನ್ನೆ.

ಪಿ 0171 ಬಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ. ಏರ್ ಫಿಲ್ಟರ್ ಆದ ಮೇಲಿನ ರಬ್ಬರ್ ಪೈಪ್‌ಗಳಲ್ಲಿ ಬಿರುಕಿದೆಯಾ, ಸಣ್ಣ ವ್ಯಾಕ್ಯೂಮ್ ಪೈಪ್ ಕಳಚಿದೆಯಾ ನೋಡಿ. ಪಿ 0420 ಬಂದರೆ ಕನ್ವರ್ಟರ್ ಬದಲಾಯಿಸಿ ಅಂತ ಯಾರಾದರೂ ಹೇಳುತ್ತಾರೆ. ಮಿಸ್ಸಿಂಗ್, ಸೈಲೆನ್ಸರ್ ಲೀಕ್, ಹಿಂದಿನ ಸೆನ್ಸರ್ ಇವನ್ನೆಲ್ಲ ನೋಡಿದ ಮೇಲಷ್ಟೇ ಆ ಮಾತು.

"ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ, ದೀಪ ಹೋಗುತ್ತೆ" ಅಂತ ಅಮೆರಿಕದ ವಿಡಿಯೋಗಳಲ್ಲಿ ಹೇಳುತ್ತಾರೆ. ನಮ್ಮ ಹಳೇ ಗಾಡಿಗಳಲ್ಲಿ ಕಾರಣ ಅದಾಗಿರುವುದು ಅಪರೂಪ.

ಮೆಕ್ಯಾನಿಕ್ ಬ್ಯಾಟರಿ ವೈರ್ ಬಿಚ್ಚಿ ಹಾಕಿದ, ದೀಪ ಹೋಯ್ತು. ಸರಿಯಾಯ್ತಾ?

ಇಲ್ಲ. ಕೋಡ್ ಅಳಿಸಿತು, ಅಷ್ಟೇ. ತೊಂದರೆ ಇದ್ದರೆ ಮತ್ತೆ ಬರುತ್ತೆ. ಕೋಡ್ ಜೊತೆಗೆ ಆ ಕ್ಷಣದ ಸ್ಪೀಡ್, ಆರ್‌ಪಿಎಂ, ಬಿಸಿ ಕೂಡ ಕಂಪ್ಯೂಟರ್ ಬರೆದಿಟ್ಟಿರುತ್ತೆ, ಆ ಸುಳಿವೂ ಹೋಯಿತು. ಅಳಿಸುವ ಮೊದಲು ಸ್ಕ್ರೀನ್ ಫೋಟೋ ತೆಗೆದಿಡಿ.

ಸದ್ದು ಬರ್ತಿದೆ, ಎಲ್ಲಿಂದ ಅಂತ ಗೊತ್ತಾಗ್ತಿಲ್ಲ.

ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ನಿಂತಲ್ಲೇ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಬರುತ್ತಾ? ಬಂದರೆ ಎಂಜಿನ್ ಕಡೆಯದು. ಗಾಡಿ ಉರುಳಿದಾಗ ಮಾತ್ರ ಬಂದು, ಸ್ಪೀಡ್ ಜೊತೆ ಏರಿದರೆ ಚಕ್ರದ ಬೇರಿಂಗ್, ಟೈರ್, ಡ್ರೈವ್ ಶಾಫ್ಟ್ ಕಡೆಯದು. ಬೆಳಗ್ಗೆ ತಣ್ಣಗಿದ್ದಾಗ ಬಂದು ಬಿಸಿಯಾದ ಮೇಲೆ ಹೋಗುತ್ತಾ, ಅಥವಾ ತಿರುವುಮುರುವಾ? ಎಸಿ ಹಾಕಿದಾಗ ಬದಲಾಗುತ್ತಾ? ಕ್ಲಚ್ ಒತ್ತಿದಾಗ?

ಕ್ಲಚ್ ಒತ್ತಿದಾಗ ಗರಗರ ಶುರುವಾದರೆ ರಿಲೀಸ್ ಬೇರಿಂಗ್. ಬಿಟ್ಟಾಗ ಇದ್ದು ಒತ್ತಿದಾಗ ನಿಂತರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಇರಬಹುದು. ಇಷ್ಟು ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿಯಿತು.

ಆಮೇಲೆ ಉದ್ದ ಸ್ಕ್ರೂಡ್ರೈವರ್. ತುದಿಯನ್ನು ಎಂಜಿನ್ ಭಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ತಾಗಿಸಿ. ಡಾಕ್ಟರ ಸ್ಟೆಥಾಸ್ಕೋಪ್ ಇದ್ದಂಗೆ ಕೇಳುತ್ತೆ. ಡೈನಮೋ, ವಾಟರ್ ಪಂಪ್, ವಾಲ್ವ್ ಕವರ್ ಒಂದೊಂದನ್ನೂ ಮುಟ್ಟುತ್ತಾ ಹೋಗಿ, ಎಲ್ಲಿ ಸದ್ದು ಜೋರೋ ಅಲ್ಲೇ ಕಾಯಿಲೆ. ಪಂಚೆ, ದುಪಟ್ಟಾ, ಬಿಚ್ಚುಕೂದಲು ಬೇಡವೇ ಬೇಡ. ಬೆಲ್ಟ್, ಫ್ಯಾನ್‌ನಿಂದ ದೂರ. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಾನೇ ತಿರುಗಬಹುದು.

ಟಿಕ್ ಟಿಕ್ ಅನ್ನುತ್ತೆ. ಟಕ್ ಟಕ್ ಅಂದರೆ ಬೇರೆಯಾ?

ಬೇರೆ. ಈ ವ್ಯತ್ಯಾಸ ಗೊತ್ತಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತೆ.

ಮೇಲಿಂದ ಬರುವ ಸಣ್ಣ, ಬೇಗ ಬೇಗ ಟಿಕ್ ಟಿಕ್, ಹೊಲಿಗೆ ಮಿಷಿನ್ ಥರ: ಹೆಚ್ಚಾಗಿ ವಾಲ್ವ್ ಒತ್ತುವ ಟ್ಯಾಪೆಟ್, ಇಲ್ಲವೇ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್. ಇಂಜೆಕ್ಟರ್ ಸದ್ದು ಮಾಮೂಲಿ. ಟ್ಯಾಪೆಟ್ ಆದರೆ ಮೊದಲು ಆಯಿಲ್ ನೋಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆಯಿರಿ, ಒರೆಸಿ, ಮತ್ತೆ ಹಾಕಿ ತೆಗೆಯಿರಿ. ಎರಡು ಗುರುತಿನ ನಡುವೆ ಇರಬೇಕು. ಆಯಿಲ್ ಸರಿ ಇದ್ದೂ ಸದ್ದಿದ್ದರೆ ಟ್ಯಾಪೆಟ್ ಸೆಟ್ಟಿಂಗ್ ನೋಡಿಸಿ. ಇದಕ್ಕೆ ಎಂಜಿನ್ ಇಳಿಸಬೇಕಿಲ್ಲ. ಸೈಲೆನ್ಸರ್ ಶುರುವಾಗುವ ಕಡೆ ಗ್ಯಾಸ್ಕೆಟ್ ಲೀಕ್ ಆದರೂ ಇಂಥದ್ದೇ ಸದ್ದು ಬರುತ್ತೆ, ತಣ್ಣಗಿದ್ದಾಗ ಜಾಸ್ತಿ.

ಕೆಳಗಿಂದ ಬರುವ ದಪ್ಪ, ಸುತ್ತಿಗೆಯಲ್ಲಿ ಹೊಡೆದಂಥ ಟಕ್ ಟಕ್, ಭಾರ ಎಳೆಯುವಾಗ ಜೋರಾಗುತ್ತಿದ್ದರೆ ಅದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಇರಬಹುದು. ಓಡಿಸುವುದು ನಿಲ್ಲಿಸಿ. ಬೇರಿಂಗ್ ಹಂತದಲ್ಲಿ ಹಿಡಿದರೆ ಒಂದು ಖರ್ಚು, ರಾಡ್ ಬ್ಲಾಕ್ ಒಡೆದು ಹೊರಗೆ ಬಂದರೆ ಗಾಡಿ ಗುಜರಿಗೇ.

ಜಣ ಜಣ ಅಂತ ತಗಡಿನ ಸದ್ದು ಬಂದರೆ ಖುಷಿಪಡಿ. ಸೈಲೆನ್ಸರ್ ಮೇಲಿನ ಹೀಟ್ ಶೀಲ್ಡ್‌ನ ಬೋಲ್ಟ್ ತುಕ್ಕು ಹಿಡಿದು ಸಡಿಲಾಗಿರುತ್ತೆ. ದೊಡ್ಡ ಸ್ಟೀಲ್ ಕ್ಲಿಪ್ ಹಾಕಿ ಬಿಗಿದರೆ ಮುಗೀತು.

ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಒಂದೆರಡು ಸೆಕೆಂಡ್ ಕರಕರ ಅಂದು ನಿಲ್ಲುತ್ತೆ.

ಟೈಮಿಂಗ್ ಚೈನ್ (ವಾಲ್ವ್ ಸರಿಯಾದ ಟೈಮಿಗೆ ತೆರೆಯುವಂತೆ ಮಾಡುವ ಒಳಗಿನ ಸರಪಳಿ) ಇರುವ ಎಂಜಿನ್ ಆದರೆ, ರಾತ್ರಿ ಆಯಿಲ್ ಕೆಳಗಿಳಿದು, ಚೈನ್ ಬಿಗಿ ಹಿಡಿಯುವ ಟೆನ್ಷನರ್‌ಗೆ ಪ್ರೆಶರ್ ಬರುವ ತನಕ ಚೈನ್ ಆಡುವ ಸದ್ದು ಅದಿರಬಹುದು. ಕಂಪನಿ ಹೇಳಿದ ಗ್ರೇಡಿನ ಆಯಿಲ್, ಒಳ್ಳೆ ಫಿಲ್ಟರ್ ಹಾಕಿ ನೋಡಿ. ಸದ್ದು ದಿನದಿನಕ್ಕೆ ಉದ್ದವಾಗುತ್ತಿದ್ದರೆ ತೋರಿಸಿ. ನನ್ನ ವ್ಯಾಗನ್‌ಆರ್‌ನ ಕೆ10 ಎಂಜಿನ್‌ಗೆ ಚೈನ್ ಇದೆ. ಆಲ್ಟೊ 800ರ 796 ಸಿಸಿ ಎಂಜಿನ್‌ಗೆ ಬೆಲ್ಟ್. ಟೈಮಿಂಗ್ ಬೆಲ್ಟಿನವರು ಸದ್ದಿಗೆ ಕಾಯಬೇಡಿ. ಅದು ಹೇಳದೆ ಕೇಳದೆ ತುಂಡಾಗುತ್ತೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಕಿಲೋಮೀಟರ್‌ಗೆ ಬದಲಾಯಿಸಿ.

ಕೀಚ್ ಅಂತ ಕಿರುಚುತ್ತೆ, ಮಳೆ ಬಂದಾಗ ಜಾಸ್ತಿ.

ಫ್ಯಾನ್ ಬೆಲ್ಟ್, ಅಂದರೆ ಹೊರಗೆ ಡೈನಮೋ ತಿರುಗಿಸುವ ಬೆಲ್ಟ್. ಬಿರುಕಿದೆಯಾ, ಹೊಳಪು ಬಂದಿದೆಯಾ, ಸಡಿಲಿದೆಯಾ ನೋಡಿ. ಅನುಮಾನ ಇದ್ದರೆ ಎಂಜಿನ್ ಓಡುವಾಗ ದೂರದಿಂದ ಬೆಲ್ಟಿಗೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಬದಲಾದರೆ ಬೆಲ್ಟೇ. ಬದಲಾಗದೆ ಗುಂಯ್ ಅಂತಲೇ ಇದ್ದರೆ ಡೈನಮೋ ಅಥವಾ ವಾಟರ್ ಪಂಪ್ ಬೇರಿಂಗ್. ಡೈನಮೋ ಬೇರಿಂಗ್‌ಗೆ ಡೈನಮೋನೇ ಬದಲಾಯಿಸಬೇಕಿಲ್ಲ, ಆಟೋ ಎಲೆಕ್ಟ್ರಿಷಿಯನ್ ಬೇರಿಂಗ್ ಮಾತ್ರ ಹಾಕಿಕೊಡುತ್ತಾರೆ.

ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ಒಳಗೆ ಗೋಲಿ ಅಲ್ಲಾಡಿಸಿದಂಗೆ ಸದ್ದು.

ಪೆಟ್ರೋಲ್ ಟೈಮಿಗೆ ಮುಂಚೆ, ತಪ್ಪಾಗಿ ಉರಿಯುತ್ತಿದೆ. ಮೊದಲ ಕಾರಣ ನಿಮ್ಮ ಎಡಗೈ: ಮೂರನೇ ಗೇರಿಗೆ ಇಳಿಸಬೇಕಾದಲ್ಲಿ ನಾಲ್ಕರಲ್ಲೇ ಎಳೆಯುತ್ತಿದ್ದೀರಿ. ಗೇರ್ ಇಳಿಸಿದರೂ ಹೋಗದಿದ್ದರೆ ಒಳಗೆ ಕಾರ್ಬನ್ ಕಟ್ಟಿರಬಹುದು, ಪ್ಲಗ್ ತಪ್ಪಾಗಿರಬಹುದು, ಎಂಜಿನ್ ಬಿಸಿ ಜಾಸ್ತಿ ಇರಬಹುದು.

ಐಡಲ್‌ನಲ್ಲಿ (ನಿಂತಲ್ಲೇ ಎಂಜಿನ್ ಓಡುವಾಗ) ಸೀಟೆಲ್ಲ ನಡುಗುತ್ತೆ. ಎಂಜಿನ್ ಬೋರಿಗೆ ಬಂತಾ?

ಮೂರು ಸಿಲಿಂಡರ್ ಗಾಡಿಯಾದರೆ ಸ್ವಲ್ಪ ನಡುಕ ಹುಟ್ಟುಗುಣ. ಮೊದಲಿಗಿಂತ ಜಾಸ್ತಿಯಾಗಿದ್ದರೆ ಎಂಜಿನ್ ಮೌಂಟಿಂಗ್ ರಬ್ಬರ್ ನೋಡಿಸಿ, ಪ್ಲಗ್ ನೋಡಿಸಿ. ಬೋರಿಗೆ ಬಂದಿದ್ದರೆ, ಅಂದರೆ ಸಿಲಿಂಡರ್ ಒಳಗೋಡೆ ಸವೆದಿದ್ದರೆ, ಬೇರೆ ಗುರುತುಗಳಿರುತ್ತವೆ: ಸೈಲೆನ್ಸರ್‌ನಲ್ಲಿ ನೀಲಿ ಹೊಗೆ, ಆಯಿಲ್ ಪದೇ ಪದೇ ಇಳಿಯುವುದು, ಪಿಕಪ್ ಸಾಯುವುದು. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡದೆ ಯಾರಾದರೂ "ಬೋರ್ ಮಾಡಿಸಬೇಕು" ಅಂದರೆ ನಮಸ್ಕಾರ ಹೇಳಿ ಬನ್ನಿ.

ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ದೀಪ ಮಿಣುಕಿ, ಹೊರಟಾಗ ಹೋಗುತ್ತೆ. ಸೆನ್ಸರ್ ಅಷ್ಟೇ ಅಂತಾರೆ.

ಇರಬಹುದು. ಆಯಿಲ್ ಪ್ರೆಶರ್ ಸ್ವಿಚ್ ಅಗ್ಗದ ಪಾರ್ಟ್, ಕೆಡುತ್ತೆ ಕೂಡ. ಆದರೆ ಆಯಿಲ್ ಕಮ್ಮಿ ಇದ್ದರೂ, ನೀರಾಗಿದ್ದರೂ, ಬೇರಿಂಗ್ ಸವೆದಿದ್ದರೂ ಬಿಸಿ ಎಂಜಿನ್ ಐಡಲ್‌ನಲ್ಲಿ ಹೀಗೇ ಮಾಡುತ್ತೆ. ಸ್ವಿಚ್ ಬಿಚ್ಚಿದ ಜಾಗಕ್ಕೆ ಗೇಜ್ ಹಾಕಿ ನಿಜವಾದ ಪ್ರೆಶರ್ ಅಳೆಯಲು ಹೇಳಿ. ಐದು ನಿಮಿಷದ ಕೆಲಸ. ಗೇಜ್ ಇಲ್ಲ ಅನ್ನುವವರ ಹತ್ತಿರ ಈ ಒಂದು ಕೆಲಸ ಮಾಡಿಸಬೇಡಿ.

ಗಾಡಿ ಪದೇ ಪದೇ ಬಿಸಿಯಾಗುತ್ತೆ. ನೀರು ತುಂಬಿಸ್ತಾನೇ ಇದ್ದೀನಿ.

ಯಾವ ನೀರು? ಕೋಲಾರ, ಬೆಂಗಳೂರಿನ ಹೊರವಲಯದ ಬೋರ್‌ವೆಲ್ ನೀರು ನಿಮ್ಮ ಮನೆ ಗೀಸರ್‌ಗೆ ಏನು ಮಾಡುತ್ತೋ ರೇಡಿಯೇಟರ್‌ಗೂ ಅದನ್ನೇ ಮಾಡುತ್ತೆ, ಬಿಳಿ ಪದರ ಕಟ್ಟುತ್ತೆ. ದಾರಿಯಲ್ಲಿ ಕೈಗೆ ಸಿಕ್ಕ ನೀರು ಹಾಕಿದ್ದರೆ ತಪ್ಪಿಲ್ಲ, ಊರಿಗೆ ಬಂದ ಮೇಲೆ ತೆಗೆಸಿ ಕೂಲೆಂಟ್ ತುಂಬಿಸಿ.

ಆಮೇಲೆ ಫ್ಯಾನ್. ಎಸಿ ಆನ್ ಮಾಡಿದರೆ ಮುಂದಿನ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್ ನೋಡಿ, ಅದೇ ನಂಬರಿನ ಇನ್ನೊಂದು ರಿಲೇ ಬಾಕ್ಸ್‌ನಲ್ಲಿದ್ದರೆ ಅದನ್ನು ಇಲ್ಲಿ ಹಾಕಿ ನೋಡಿ. ಫ್ಯಾನ್ ಸರಿ ಇದ್ದು, ಹೊರಗೆ ಸೋರಿಕೆ ಕಾಣದೆ ಕೂಲೆಂಟ್ ಮಾಯವಾಗುತ್ತಿದ್ದರೆ ಆಯಿಲ್ ಮುಚ್ಚಳ ತೆಗೆದು ನೋಡಿ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ, ಆಯಿಲ್ ಮತ್ತು ಕೂಲೆಂಟ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಅನುಮಾನ. ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ನೊರೆ ಇದ್ದು ಡಿಪ್‌ಸ್ಟಿಕ್ ಶುದ್ಧವಾಗಿದ್ದರೆ ಅದು ಚಳಿಗಾಲದ ತೇವ ಇರಬಹುದು. ಹಾಗೇ ಬೆಳಗಿನ ಚಳಿಯಲ್ಲಿ ಸೈಲೆನ್ಸರ್‌ನಿಂದ ಬರುವ ಬಿಳಿ ಹಬೆಗೆ ಹೆದರಬೇಡಿ. ಬಿಸಿಯಾದ ಮೇಲೂ ದಟ್ಟ ಬಿಳಿ ಬರುತ್ತಿದ್ದರೆ ಹೆದರಿ.

ಸೆಲ್ಫ್ ಹೊಡೆದರೆ ಬರೀ ಕಟ್ ಕಟ್ ಅನ್ನುತ್ತೆ, ಹತ್ತಾರು ದೀಪ ಒಟ್ಟಿಗೆ ಉರಿಯುತ್ತವೆ.

ಹತ್ತು ರೋಗ ಒಂದೇ ದಿನ ಬರಲ್ಲ, ಬ್ಯಾಟರಿ ನೋಡಿ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಇದ್ದರೆ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ ಬಿಸಿ ನೀರು, ಅಡುಗೆ ಸೋಡಾದಲ್ಲಿ ತೊಳೆದು ಒಣಗಿಸಿ ಬಿಗಿ ಮಾಡಿ. ಅಗ್ಗದ ಮಲ್ಟಿಮೀಟರ್ ಇದ್ದರೆ ಅಳೆಯಿರಿ: ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ ಇದ್ದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5 ಬರಬೇಕು. ಆಗಲೂ 12ರಲ್ಲೇ ಇದ್ದರೆ ತಪ್ಪು ಡೈನಮೋದ್ದು, ಹೊಸ ಬ್ಯಾಟರಿ ಕೊಂಡರೆ ಅದೂ ಸಾಯುತ್ತೆ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋಗ್ತಿದ್ದೀನಿ, ಡ್ಯಾಶ್‌ಬೋರ್ಡ್‌ನಲ್ಲಿ ಒಂದು ದೀಪವೂ ಇಲ್ಲ. ಒಳ್ಳೆಯದಲ್ವಾ?

ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಚೆಕ್ ಎಂಜಿನ್, ಆಯಿಲ್, ಬ್ಯಾಟರಿ, ಏರ್‌ಬ್ಯಾಗ್ ದೀಪಗಳು ಆಗ ಉರಿಯಲೇಬೇಕು. ಸ್ಟಾರ್ಟ್ ಆದ ಮೇಲೆ ಆರಬೇಕು. ಚೆಕ್ ಎಂಜಿನ್ ದೀಪ ಬರಲೇ ಇಲ್ಲ ಅಂದರೆ ಯಾರೋ ಬಲ್ಬನ್ನೇ ಕಿತ್ತಿರಬಹುದು. ಎಂಜಿನ್ ತಣ್ಣಗಿದ್ದಾಗಲೇ ಬರುತ್ತೇನೆ ಅಂತ ಮೊದಲೇ ಹೇಳಿ. ಹೋದಾಗ ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಬೆಳಗಿನ ಸದ್ದನ್ನು ಬಚ್ಚಿಟ್ಟಿದ್ದಾರೆ.

ಮಳೆ ನೀರಲ್ಲಿ ನಿಂತುಹೋಯ್ತು. ಮತ್ತೆ ಸೆಲ್ಫ್ ಹೊಡೆಯಲಾ?

ಬೇಡ, ಒಂದು ಸಲವೂ ಬೇಡ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಅದು ಗಾಳಿಯಂತೆ ಕುಗ್ಗಲ್ಲ, ರಾಡ್ ಬಾಗುತ್ತೆ. ಎಂಜಿನ್ ಪ್ರೊಟೆಕ್ಷನ್ ಅನ್ನುವ ಬೇರೆ ಕವರ್ ಇಲ್ಲದಿದ್ದರೆ ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ಇದಕ್ಕೆ ಕೊಡಲ್ಲ. ತಳ್ಳಿಸಿ, ಟೋ ಮಾಡಿಸಿ.

ಇ20 ಪೆಟ್ರೋಲ್‌ನಿಂದಲೇ ಈ ಸದ್ದು ಅಂತಾರೆ, ನಿಜವಾ?

ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಅದು. ಈಗ ಎಲ್ಲ ಸದ್ದಿಗೂ ಅದೇ ಹೊಣೆ ಹೊರುತ್ತಿದೆ. ಹಳೇ ಗಾಡಿಯ ಮೈಲೇಜ್ ಸ್ವಲ್ಪ ಇಳಿಯುತ್ತೆ, ಅದು ನಿಜ. ಹಳೇ ರಬ್ಬರ್ ಪೈಪ್, ಸೀಲ್‌ಗಳ ಮೇಲೆ ಕಣ್ಣಿಡಬೇಕು, ಅದೂ ನಿಜ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ, ಎಥೆನಾಲ್ ತೇವ ಹೀರುತ್ತೆ. ಆದರೆ ಟ್ಯಾಪೆಟ್ ಸದ್ದಿಗೆ, ಬೆಲ್ಟ್ ಕಿರುಚಾಟಕ್ಕೆ ಪೆಟ್ರೋಲ್ ಬಂಕನ್ನು ಬೈದು ಪ್ರಯೋಜನ ಇಲ್ಲ.

ಗ್ಯಾರೇಜ್‌ನಲ್ಲಿ ಏನು ಹೇಳಬೇಕು? ಗೊತ್ತಿಲ್ಲದವರು ಅಂತ ಸುಲಿಯುತ್ತಾರೆ.

ಎಲ್ಲರೂ ಹಾಗಿಲ್ಲ. "ಅಣ್ಣಾ, ಇಂಜೆಕ್ಟರ್ ಕ್ಲೀನ್ ಮಾಡಿ" ಅಂತ ಮದ್ದು ನೀವೇ ಹೇಳಬೇಡಿ, ಹೇಳಿದ್ದನ್ನು ಮಾಡಿ ಬಿಲ್ ಕೊಡುತ್ತಾರೆ, ತಪ್ಪು ಅವರದ್ದಲ್ಲ. "ಅಣ್ಣಾ, ತಣ್ಣಗಿದ್ದಾಗ ಮಾತ್ರ ಬರುತ್ತೆ, ಎಸಿ ಹಾಕಿದರೆ ಜೋರಾಗುತ್ತೆ, ಮೊದಲು ಏನು ಅಂತ ನೋಡಿ ಹೇಳಿ, ನೋಡಿದ್ದಕ್ಕೆ ದುಡ್ಡು ಕೊಡ್ತೀನಿ" ಅನ್ನಿ. ಈ ಕೊನೆಯ ಮಾತು ಮುಖ್ಯ. ನೋಡಿದ್ದಕ್ಕೆ ಯಾರೂ ಕೊಡಲ್ಲ ಅಂತಲೇ ಪಾರ್ಟಿನ ಮೇಲೆ ಲಾಭ ಹುಡುಕುತ್ತಾರೆ. ಸದ್ದನ್ನು ಫೋನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ, ಗ್ಯಾರೇಜ್ ಮುಂದೆ ನಿಲ್ಲಿಸಿದ ಕೂಡಲೇ ಸದ್ದು ಮಾಯವಾಗುವುದು ಗಾಡಿಗಳ ಜಾತಿಗುಣ. ತೆಗೆದ ಹಳೇ ಪಾರ್ಟ್ ಕೇಳಿ ತಗೊಳ್ಳಿ.

ಪಾರ್ಟ್ ನೀವೇ ತಂದುಕೊಡುವುದಾದರೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಪಾರ್ಟ್ ನಂಬರ್ ಬರೆದುಕೊಂಡು ಹೋಗಿ ಎರಡು ಮೂರು ಅಂಗಡಿ ಕೇಳಿ. ಬಂಪರ್, ಕನ್ನಡಿ, ಬಾಗಿಲು ಗುಜರಿಯಲ್ಲಿ ತಂದರೆ ತೊಂದರೆ ಇಲ್ಲ. ಬ್ರೇಕ್ ಪ್ಯಾಡ್, ಟೈಮಿಂಗ್ ಬೆಲ್ಟ್, ಸೆನ್ಸರ್ ಬೇಡ.

ಕೈಯಲ್ಲಿ ಎರಡು ಸಾವಿರ ಮಾತ್ರ ಇದೆ. ಎಲ್ಲಿಂದ ಶುರು ಮಾಡಲಿ?

ಸೊನ್ನೆಯಿಂದ. ಆಯಿಲ್, ಕೂಲೆಂಟ್, ಬೆಲ್ಟ್, ಟರ್ಮಿನಲ್, ಫ್ಯೂಸ್, ಇಲಿ ಕಡಿದ ವೈರ್. ಇವಕ್ಕೆ ಕಣ್ಣು ಸಾಕು. ಆಮೇಲೆ ಅಡಾಪ್ಟರ್, ಮಲ್ಟಿಮೀಟರ್. ಉಳಿದದ್ದನ್ನು ಒಳ್ಳೆ ಮೆಕ್ಯಾನಿಕ್‌ನ ಒಂದು ಗಂಟೆಗೆ ಇಡಿ. ಏರ್‌ಬ್ಯಾಗ್ ದೀಪದ ತಂಟೆಗೆ ಮಾತ್ರ ನೀವು ಹೋಗಬೇಡಿ. ಆ ಹಳದಿ ವೈರ್‌ಗೆ ಟೆಸ್ಟರ್ ಚುಚ್ಚಿದರೆ ಏರ್‌ಬ್ಯಾಗ್ ಮುಖಕ್ಕೇ ಬಿಚ್ಚಿಕೊಳ್ಳಬಹುದು.

ಆಯಿಲ್ ಹಾಕಿದ ಮೇಲೆ ಸದ್ದು ನಿಂತುಹೋಯ್ತು. ಇನ್ನೇನೂ ಮಾಡಬೇಕಿಲ್ಲ ಅಲ್ವಾ?

ಇದ್ದ ಆಯಿಲ್ ಎಲ್ಲಿಗೆ ಹೋಯಿತು ಅಂತ ಹುಡುಕಬೇಕು. ರಾತ್ರಿ ಎಂಜಿನ್ ಕೆಳಗೆ ದೊಡ್ಡ ರಟ್ಟು ಹಾಸಿಡಿ. ಬೆಳಗ್ಗೆ ಕಪ್ಪು ಕಂದು ಕಲೆ ಇದ್ದರೆ ಆಯಿಲ್ ಸೋರುತ್ತಿದೆ, ಹಸಿರು ಅಥವಾ ಕೆಂಪು ಇದ್ದರೆ ಕೂಲೆಂಟ್. ರಟ್ಟು ಒಣಗೇ ಇದ್ದು ಡಿಪ್‌ಸ್ಟಿಕ್‌ನಲ್ಲಿ ಇಳಿಯುತ್ತಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ; ಪ್ರತಿ ಭಾನುವಾರ ನೋಡಿ, ಕಿಲೋಮೀಟರ್ ಜೊತೆ ಬರೆದಿಡಿ. ಎಡಗಡೆ ಸೀಟಿನ ಮುಂದೆ, ಕೆಳಗೆ ಬರೀ ನೀರು ತೊಟ್ಟಿಕ್ಕಿದ್ದರೆ ಅದು ಎಸಿ ನೀರು. ಅದಕ್ಕೂ ನನಗೆ ಫೋನ್ ಮಾಡುವವರಿದ್ದಾರೆ.